ಮುಖ ಕೊಟ್ಟು ಮಾತಾಡುವುದು

ಮುಖದ ಬಗ್ಗೆ ಮಾತಾಡಲು ಬಂದಿದ್ದೇನೆ. ನನ್ನ ಮುಖ ನಿಮಗೆ ಕಾಣುವುದಿಲ್ಲ, ಆದರೂ ಕೇಳಿಸುತ್ತಿದೆ. ಬೇಕಿದ್ದರೆ ಕೂತಲ್ಲೇ ಒಂದು ಪರೀಕ್ಷೆ ಮಾಡಿ. ತುಟಿ ಎರಡನ್ನೂ ಸೇರಿಸದೆ ‘ಅಮ್ಮ’ ಅನ್ನಿ. ಆಗುವುದಿಲ್ಲ. ‘ಅಪ್ಪ’ ಅನ್ನಿ. ಅದೂ ಆಗುವುದಿಲ್ಲ. ಒಂದನೇ ತರಗತಿಯಲ್ಲಿ ಕೂಗಿ ಕೂಗಿ ಕಲಿತ ಪ, ಫ, ಬ, ಭ, ಮ ಈ ಐದಕ್ಕೂ ತುಟಿಗೆ ತುಟಿ ತಾಗಲೇಬೇಕು. ಬಾಯಿಯ ಸುತ್ತ ಬಳೆಯ ಹಾಗೆ ಒಂದು ಸ್ನಾಯು ಇದೆ. ಅದು ಬಿಗಿದು ಬಾಯಿ ಮುಚ್ಚುತ್ತದೆ, ಒಳಗಿನ ಉಸಿರು ಒತ್ತುತ್ತದೆ, ತುಟಿ ಸಿಡಿದು ತೆರೆದ ಗಳಿಗೆಯಲ್ಲಿ ‘ಪ’ ಹುಟ್ಟುತ್ತದೆ. ನಗುತ್ತ ಮಾತಾಡಿದರೆ ತುಟಿ ಅಗಲವಾಗುತ್ತದೆ, ದನಿ ಹಾದುಬರುವ ಕೊಳವೆ ಸ್ವಲ್ಪ ಮೋಟಾಗುತ್ತದೆ, ದನಿಯ ಬಣ್ಣವೇ ಬದಲಾಗುತ್ತದೆ. ದೂರದ ಊರಿನಲ್ಲಿರುವ ಮಗಳು ಫೋನಿನಲ್ಲಿ ಹಲೋ ಅಂದ ಕೂಡಲೇ ‘ಏನೇ, ಏನೋ ಸಂತೋಷದ ಸುದ್ದಿ ಇರೋ ಹಾಗಿದೆ’ ಎಂದು ತಾಯಿ ಕೇಳುವುದು ಇದರಿಂದಲೇ. ತಾಯಿಯ ಕಿವಿಗೆ ಮಗಳ ತುಟಿ ಕಂಡಿರುತ್ತದೆ.

ನಾನು ಮೂವತ್ತು ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ದೇಹರಚನೆಯ ಪಾಠ ಹೇಳಿದವಳು. ಮುಖ, ದವಡೆ, ಕತ್ತು, ಇವುಗಳ ಒಂದೊಂದು ಸ್ನಾಯುವಿನ ಹೆಸರನ್ನೂ ಕಪ್ಪುಹಲಗೆಯ ಮೇಲೆ ಬರೆದು ಬರೆದು ಕೈ ಪಳಗಿತ್ತು. ಆದರೆ ಅವು ಮಾಡುವ ಕೆಲಸ ಎಂಥದು ಎಂದು ನನಗೆ ನಿಜವಾಗಿ ತಿಳಿದದ್ದು ಒಂದು ಜನವರಿ ತಿಂಗಳ ಬೆಳಗ್ಗೆ. ಹಲ್ಲುಜ್ಜಿ ಬಾಯಿ ಮುಕ್ಕಳಿಸಿದೆ. ನೀರು ಬಲಗಡೆಯ ಕಟವಾಯಿಯಿಂದ ತಾನಾಗಿಯೇ ಸೋರಿ ಸೆರಗಿನ ಮೇಲೆ ಬಿತ್ತು. ಕನ್ನಡಿ ನೋಡಿದೆ. ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ಬಲಗಣ್ಣು ಮುಚ್ಚಲು ಹೋದರೆ ರೆಪ್ಪೆ ಅರ್ಧದಲ್ಲೇ ನಿಂತಿತು. ಮನೆಯವರನ್ನು ಹೆಸರು ಹಿಡಿದು ಕೂಗಿದೆ. ಮಾತಿನಲ್ಲಿ ‘ಬ’ ಇರಬೇಕಾದ ಜಾಗದಲ್ಲಿ ಬರೀ ಗಾಳಿ ಇತ್ತು.

ಪಕ್ಕದ ಮನೆಯ ಹಿರಿಯರು ‘ಗಾಳಿ ಬಡಿದಿದೆ’ ಅಂದರು. ಇನ್ನೊಬ್ಬರು ‘ಲಕ್ವ’ ಅಂದರು. ನಾನು ಕನ್ನಡಿಯ ಮುಂದೆ ನಿಂತು ಹುಬ್ಬು ಏರಿಸಿ ನೋಡಿದೆ. ಎಡ ಹುಬ್ಬು ಏರಿತು, ಹಣೆಯ ಎಡಭಾಗದಲ್ಲಿ ಗೆರೆಗಳು ಮೂಡಿದವು. ಬಲಭಾಗ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನುಣ್ಣಗಿತ್ತು. ನುಣ್ಣಗಿದ್ದ ಆ ಹಣೆಯನ್ನು ನೋಡಿ ನನಗೆ ಸ್ವಲ್ಪ ಧೈರ್ಯ ಬಂತು. ಅದೇಕೆ ಎಂದು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಮುಖದ ಸ್ನಾಯುಗಳು ಉಳಿದ ಸ್ನಾಯುಗಳ ಹಾಗಲ್ಲ ಎಂಬುದು ತಿಳಿಯಬೇಕು.

ತೋಳಿನ ಸ್ನಾಯುವನ್ನೇ ನೋಡಿ. ಅದರ ಒಂದು ತುದಿ ಹೆಗಲಿನ ಮೂಳೆಗೆ ಅಂಟಿದೆ, ಇನ್ನೊಂದು ಮುಂಗೈ ಮೂಳೆಗೆ. ಅದು ಮೋಟಾದಾಗ ಮೊಳಕೈ ಮಡಿಯುತ್ತದೆ, ಬಿಂದಿಗೆ ಮೇಲೇಳುತ್ತದೆ. ಮೈಯಲ್ಲಿ ಹೆಚ್ಚಿನ ಸ್ನಾಯುಗಳ ಕೆಲಸವೆಲ್ಲ ಹೀಗೆ ಮೂಳೆಯಿಂದ ಮೂಳೆಗೆ. ಮುಖದ ಸ್ನಾಯುಗಳು ಮೂಳೆಯಿಂದ ಹೊರಟು ಚರ್ಮದಲ್ಲಿ ಮುಗಿಯುತ್ತವೆ. ಅವು ಭಾರ ಎತ್ತುವುದಿಲ್ಲ, ಚರ್ಮವನ್ನು ಎಳೆಯುತ್ತವೆ. ಕೊಟ್ಟಿಗೆಯಲ್ಲಿ ಹಸುವಿನ ಮೈಮೇಲೆ ನೊಣ ಕೂತಾಗ ಆ ಜಾಗದ ತೊಗಲಷ್ಟೇ ಪಟಪಟನೆ ನಡುಗುವುದನ್ನು ನೀವು ಕಂಡಿರುತ್ತೀರಿ. ತೊಗಲನ್ನು ಅಲ್ಲಾಡಿಸುವ ಅಂಥ ಸ್ನಾಯು ಹಸುವಿಗೆ ಮೈತುಂಬ ಇದೆ. ನಮಗೆ ಬಹುಮಟ್ಟಿಗೆ ಮುಖದಲ್ಲಿ ಮತ್ತು ಕತ್ತಿನ ಮುಂಭಾಗದಲ್ಲಿ ಉಳಿದಿದೆ. ಕೆಳತುಟಿಯನ್ನು ಬಲವಾಗಿ ಕೆಳಗೆಳೆದು ಹಲ್ಲು ಬಿಗಿದರೆ ಕತ್ತಿನ ಚರ್ಮದಲ್ಲಿ ಉದ್ದುದ್ದ ಪಟ್ಟಿಗಳು ಏಳುತ್ತವಲ್ಲ, ಅದು ಪ್ಲಟಿಸ್ಮ ಎಂಬ ತೆಳು ಹಾಳೆಯಂಥ ಸ್ನಾಯು. ಹಸು ತನ್ನ ತೊಗಲಿನ ಸ್ನಾಯುವಿನಿಂದ ನೊಣ ಓಡಿಸುತ್ತದೆ. ನಾವು ಮುಖದ ಸ್ನಾಯುಗಳಿಂದ ಇನ್ನೊಬ್ಬರಿಗೆ ಮನಸ್ಸು ತಿಳಿಸುತ್ತೇವೆ.

ನಮ್ಮ ಮಾತಿನಲ್ಲೇ ಈ ಸ್ನಾಯುಗಳ ಪಟ್ಟಿ ಇದೆ, ಗಮನಿಸಿದ್ದೀರಾ? ಹುಬ್ಬೇರಿಸಿದ ಎನ್ನುತ್ತೇವೆ. ಅದು ಹಣೆಯ ಸ್ನಾಯು. ಹುಬ್ಬು ಗಂಟಿಕ್ಕಿದ ಎನ್ನುತ್ತೇವೆ. ಎರಡು ಹುಬ್ಬನ್ನೂ ನಡುವಿಗೆ ಎಳೆಯುವ ಸಣ್ಣ ಸ್ನಾಯುಜೋಡಿಯ ಕೆಲಸ ಅದು. ಮೂಗು ಮುರಿದಳು ಎಂದರೆ ಮೂಗಿನ ಪಕ್ಕದಿಂದ ಮೇಲ್ತುಟಿಗೆ ಇಳಿದ ಸ್ನಾಯು ಬಿಗಿಯಿತು. ಮುಖ ಅರಳಿತು ಎಂದರೆ ಕೆನ್ನೆಯ ಮೂಳೆಯಿಂದ ಕಟವಾಯಿಗೆ ಓರೆಯಾಗಿ ಬಂದ ಸ್ನಾಯು ಬಾಯಿಯ ಮೂಲೆಯನ್ನು ಮೇಲಕ್ಕೆಳೆಯಿತು. ಮುಖ ಇಳಿಬಿಟ್ಟ ಎಂದರೆ ಅದೇ ಮೂಲೆಯನ್ನು ಗದ್ದದ ಕಡೆಯ ಸ್ನಾಯು ಕೆಳಕ್ಕೆ ಜಗ್ಗಿತು. ಅಳುವುದಕ್ಕೆ ಮುಂಚೆ ಮಗುವಿನ ಗದ್ದ ಮುದುರಿ ನಡುಗುತ್ತದಲ್ಲ, ಅದಕ್ಕೂ ಒಂದು ಸ್ನಾಯು ಇದೆ. ಕೆನ್ನೆಯ ಒಳಗೋಡೆಯಲ್ಲಿ ಇನ್ನೊಂದಿದೆ, ಬಕ್ಸಿನೇಟರ್. ಲ್ಯಾಟಿನ್ನಿನಲ್ಲಿ ತುತ್ತೂರಿ ಊದುವವನು ಎಂದು ಅದರ ಅರ್ಥ. ಹಾವಾಡಿಗ ಪುಂಗಿಯ ದನಿ ಕಡಿಯದ ಹಾಗೆ ಊದುತ್ತಾನೆ. ಕೆನ್ನೆಯಲ್ಲಿ ಗಾಳಿ ಕೂಡಿಟ್ಟುಕೊಂಡು, ಈ ಸ್ನಾಯುವಿನಿಂದ ಅದನ್ನು ಹೊರಗೊತ್ತುತ್ತಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳುತ್ತಾನೆ. ನಮ್ಮ ಊಟದಲ್ಲಿಯೂ ತುತ್ತು ಹಲ್ಲು ತಪ್ಪಿ ಕೆನ್ನೆಗೆ ಸರಿಯದ ಹಾಗೆ ಒಳಕ್ಕೆ ಒತ್ತಿಕೊಡುವುದು ಇದೇ.

ನಗುವುದಕ್ಕೆ ಇಷ್ಟು ಸ್ನಾಯು, ಮುಖ ಗಂಟಿಕ್ಕುವುದಕ್ಕೆ ಅಷ್ಟು ಸ್ನಾಯು ಎಂಬ ಲೆಕ್ಕ ಆಗಾಗ ಫೋನಿಗೆ ಬರುತ್ತಿರುತ್ತದೆ. ಆ ಲೆಕ್ಕಕ್ಕೆ ಆಧಾರವಿಲ್ಲ. ಮುಗುಳ್ನಗೆಗೆ ಒಂದೆರಡು ಜೋಡಿ ಸ್ನಾಯು ಸಾಕು, ಬಿದ್ದು ಬಿದ್ದು ನಗುವಾಗ ದವಡೆ, ಕತ್ತು, ಹೊಟ್ಟೆಯೂ ಸೇರುತ್ತವೆ. ನಗಬೇಕು ಎನ್ನುವುದಕ್ಕೆ ಸ್ನಾಯುಗಳ ಉಳಿತಾಯದ ಕಾರಣ ಬೇಕಾಗಿಲ್ಲ.

ಮುಖಭಾವದ ಈ ಎಲ್ಲ ಸ್ನಾಯುಗಳಿಗೂ ಅಪ್ಪಣೆ ತರುವುದು ಒಂದೇ ನರ. ಎಡಕ್ಕೊಂದು, ಬಲಕ್ಕೊಂದು. ಮಿದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಅದು ಏಳನೆಯದು. ಕಿವಿಯ ಪಕ್ಕದ ಮೂಳೆಯೊಳಗೆ ಸುಮಾರು 3 ಸೆಂಟಿಮೀಟರು ಉದ್ದದ ಕಿರಿದಾದ, ಡೊಂಕಾದ ಕೊಳವೆಯಲ್ಲಿ ನುಸುಳಿ, ಕಿವಿಯ ಕೆಳಗೆ ಹೊರಬರುತ್ತದೆ. ಮಂಗನಬಾವು ಬಂದಾಗ ಊದಿಕೊಳ್ಳುವ ಜೊಲ್ಲಿನ ಗ್ರಂಥಿ ಇದೆಯಲ್ಲ, ಅದರ ನಡುವೆಯೇ ಹಾದು ಐದು ಕವಲಾಗುತ್ತದೆ. ನಿಮ್ಮ ಅಂಗೈಯನ್ನು ಕಿವಿಯ ಮುಂದಿಟ್ಟು ಐದು ಬೆರಳನ್ನೂ ಮುಖದ ಮೇಲೆ ಹರಡಿ. ಒಂದು ಬೆರಳು ಹಣೆಗೆ, ಒಂದು ಕಣ್ಣಿಗೆ, ಒಂದು ಕೆನ್ನೆಗೆ, ಒಂದು ದವಡೆಯ ಅಂಚಿಗೆ, ಒಂದು ಕತ್ತಿಗೆ. ಕವಲುಗಳು ಹೋಗುವುದೂ ಹೀಗೆಯೇ.

ಈ ನರದ ಕೆಲಸವನ್ನು ಬಿಡಿಸಿ ಹೇಳಿದವರಲ್ಲಿ ದೊಡ್ಡ ಹೆಸರು ಚಾರ್ಲ್ಸ್ ಬೆಲ್ ಅವರದು. ಎಡಿನ್‌ಬರೋದಲ್ಲಿ 1774ರಲ್ಲಿ ಹುಟ್ಟಿದ ಶಸ್ತ್ರವೈದ್ಯ, ಒಳ್ಳೆಯ ಚಿತ್ರಗಾರ ಕೂಡ. ಮುಖಭಾವದ ಹಿಂದಿನ ದೇಹರಚನೆ ಏನು ಎಂದು ಚಿತ್ರಕಾರರಿಗಾಗಿಯೇ 1806ರಲ್ಲಿ ಪುಸ್ತಕ ಬರೆದರು. 1821ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮುಖದ ನರಗಳ ಬಗ್ಗೆ ಪ್ರಬಂಧ ಮಂಡಿಸಿದರು. ನನಗೆ ಬಂದ ಕಾಯಿಲೆಗೆ ಅವರದೇ ಹೆಸರು, ಬೆಲ್ಸ್ ಪಾಲ್ಸಿ. ಮೂಳೆಯ ಕಿರಿದಾದ ಕೊಳವೆಯೊಳಗೆ ನರ ಊದಿಕೊಳ್ಳುತ್ತದೆ, ಜಾಗ ಸಾಲದೆ ಹಿಸುಕಿದಂತಾಗುತ್ತದೆ, ಅಪ್ಪಣೆ ಮುಂದಕ್ಕೆ ಹೋಗುವುದಿಲ್ಲ. ಬೆಲ್ ಅವರಿಗಿಂತ ಎಷ್ಟೋ ಶತಮಾನ ಮೊದಲೇ ಪರ್ಷಿಯಾದ ವೈದ್ಯ ಅಲ್-ರಾಜಿ ಇಂಥ ಮುಖವನ್ನು ಕಂಡು ವಿವರಿಸಿದ್ದರು.

ಆ ಒಂದು ನರ ಸುಮ್ಮನಾದಾಗ ಏನೇನು ನಿಂತುಹೋಗುತ್ತದೆ ಎಂದು ಆಗ ಎಣಿಸಿದೆ. ಕಣ್ಣು ಮುಚ್ಚದು. ತೆರೆಯುವ ಸ್ನಾಯುವಿಗೆ ಬೇರೆ ನರ ಇರುವುದರಿಂದ ತೆರೆದೇ ಇರುತ್ತದೆ, ಒಣಗುತ್ತದೆ, ಉರಿಯುತ್ತದೆ. ನಾಲಗೆಯ ಮುಂದಿನ ಭಾಗದ ರುಚಿಯನ್ನು ಹೊತ್ತುತರುವ ಎಳೆಯೂ ಇದೇ ನರದ ಜೊತೆ ಬರುವುದರಿಂದ ಬಲಗಡೆ ಸಾರಿನ ಹುಳಿ ಗೊತ್ತಾಗದು. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಬಲಗಿವಿಗೆ ಗುಂಡು ಹೊಡೆದಂತೆ ಕೇಳುತ್ತಿತ್ತು. ಕಿವಿಯೊಳಗೆ ಸ್ಟೆಪೀಡಿಯಸ್ ಎಂಬ ಸ್ನಾಯು ಇದೆ, ಮೂಳೆಯನ್ನು ಅಲ್ಲಾಡಿಸುವ ನಮ್ಮ ಸ್ನಾಯುಗಳಲ್ಲೆಲ್ಲ ಅತ್ಯಂತ ಚಿಕ್ಕದು. ದೊಡ್ಡ ಸದ್ದು ಬಂದಾಗ ಕಿವಿಯ ಪುಟ್ಟ ಮೂಳೆಯೊಂದನ್ನು ಬಿಗಿಹಿಡಿದು ಸದ್ದನ್ನು ತಗ್ಗಿಸುವುದು ಅದರ ಕೆಲಸ. ಅದರ ಯಜಮಾನನೂ ಇದೇ ಏಳನೆಯ ನರ.

ಈಗ ಹಣೆಯ ವಿಷಯ. ಮುಖದ ಕೆಳಭಾಗಕ್ಕೆ ಮಿದುಳಿನ ಎದುರು ಬದಿಯಿಂದ ಮಾತ್ರ ಅಪ್ಪಣೆ ಬರುತ್ತದೆ. ಹಣೆಗೆ ಮಿದುಳಿನ ಎರಡು ಬದಿಗಳಿಂದಲೂ ಬರುತ್ತದೆ. ಮಿದುಳಿನ ಒಂದು ಬದಿಯಲ್ಲಿ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆದರೆ ಬಾಯಿ ಸೊಟ್ಟಗಾಗುತ್ತದೆ, ಹಣೆ ಮಾತ್ರ ಇನ್ನೊಂದು ಬದಿಯ ಆಸರೆಯಿಂದ ಸಾಮಾನ್ಯವಾಗಿ ಸುಕ್ಕುಗಟ್ಟುತ್ತದೆ. ನರವೇ ಕಿವಿಯ ಬಳಿ ಸೋತರೆ ಹಣೆಯೂ ಹೋಗುತ್ತದೆ. ನುಣ್ಣಗಿದ್ದ ಹಣೆಯನ್ನು ಕಂಡು ನನಗೆ ಧೈರ್ಯ ಬಂದದ್ದು ಇದಕ್ಕೆ.

ಆದರೆ ದಯವಿಟ್ಟು ಒಂದು ಮಾತು ನೆನಪಿಡಿ. ಕನ್ನಡಿಯ ಮುಂದೆ ಈ ಪರೀಕ್ಷೆ ಮಾಡಿ ಮನೆಯಲ್ಲೇ ಕೂರಬೇಡಿ. ಬಾಯಿ ಇದ್ದಕ್ಕಿದ್ದಂತೆ ಸೊಟ್ಟಗಾದರೆ, ಅದರ ಜೊತೆ ಕೈ ಸೋತರೆ, ಮಾತು ತೊದಲಿದರೆ, ಒಂದು ನಿಮಿಷವನ್ನೂ ಕಳೆಯದೆ 108ಕ್ಕೆ ಕರೆ ಮಾಡಿ. ಪಾರ್ಶ್ವವಾಯುವಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಮೊದಲು ಎಣ್ಣೆ ತಿಕ್ಕೋಣ, ಸಂಜೆ ನೋಡೋಣ ಎಂದು ಕಳೆದುಕೊಂಡ ಗಂಟೆಗಳು ಮರಳಿ ಬರುವುದಿಲ್ಲ. ಬೆಲ್ಸ್ ಪಾಲ್ಸಿಯೇ ಆಗಿದ್ದರೂ ಸ್ಟೀರಾಯ್ಡ್ ಮಾತ್ರೆ ಮೊದಲ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಕಣ್ಣಿಗೆ ಹನಿ, ರಾತ್ರಿ ರೆಪ್ಪೆ ಮುಚ್ಚಿ ಟೇಪು, ಇದನ್ನು ಮರೆಯಬಾರದು. ಈ ಕಾಯಿಲೆ ಬಂದ ಹತ್ತು ಜನರಲ್ಲಿ ಏಳು ಜನಕ್ಕೆ ಪೂರ್ತಿ ವಾಸಿಯಾಗುತ್ತದೆ ಎಂಬುದು ಸಮಾಧಾನದ ಮಾತು.

ಮುಖ ಅರ್ಧ ನಿಂತ ದಿನವೂ ನನಗೆ ಒಂದು ಕೆಲಸ ತೊಂದರೆಯಿಲ್ಲದೆ ನಡೆಯುತ್ತಿತ್ತು. ಚಕ್ಕುಲಿ ಕಡಿಯಬಲ್ಲವಳಾಗಿದ್ದೆ. ತುತ್ತು ಬಲಗೆನ್ನೆಯ ಸಂದಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಬೆರಳು ಹಾಕಿ ತೆಗೆಯಬೇಕಿತ್ತು. ಆದರೆ ಕಡಿಯುವ ಬಲ ಒಂದಿಷ್ಟೂ ಕುಂದಿರಲಿಲ್ಲ. ದವಡೆಯ ಸ್ನಾಯುಗಳಿಗೆ ಐದನೆಯ ನರ, ಬೇರೆಯೇ ಯಜಮಾನ. ಗರ್ಭದಲ್ಲಿ ಮಗುವಿನ ಕತ್ತಿನ ಬಳಿ ಕಮಾನುಗಳಂಥ ಮಡಿಕೆಗಳು ಮೂಡುತ್ತವೆ. ಮೊದಲನೆಯ ಕಮಾನಿನಿಂದ ಅಗಿಯುವ ಸ್ನಾಯುಗಳು, ಎರಡನೆಯದರಿಂದ ಮುಖಭಾವದ ಸ್ನಾಯುಗಳು. ಒಂದೇ ಮುಖದಲ್ಲಿ ಅಕ್ಕಪಕ್ಕ ಇದ್ದರೂ ಅವು ಬೇರೆ ಬೇರೆ ಮನೆತನದವು.

ದವಡೆಯ ಮೂಲೆಯ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿ. ಗಟ್ಟಿಯಾದ ಉಂಡೆಯೊಂದು ಉಬ್ಬುತ್ತದೆ, ಅದು ಮ್ಯಾಸೆಟರ್. ಈಗ ಕಣತಲೆಯ ಮೇಲೆ ಬೆರಳಿಟ್ಟು ಕಚ್ಚಿ. ಅಲ್ಲೂ ಅಲ್ಲಾಡುತ್ತದೆ. ಬೀಸಣಿಗೆಯ ಹಾಗೆ ಹರಡಿದ ಟೆಂಪೊರಾಲಿಸ್ ಅದು. ಒಳಗಡೆ ಇನ್ನೆರಡು ಜೋಡಿ ಇವೆ, ಬೆರಳಿಗೆ ಸಿಗುವುದಿಲ್ಲ. ಈ ನಾಲ್ಕು ಜೋಡಿಯಲ್ಲಿ ಮೂರು ಬಾಯಿ ಮುಚ್ಚುವವು. ನಾಲ್ಕನೆಯದು ದವಡೆಯನ್ನು ಮುಂದಕ್ಕೆಳೆದು ತೆರೆಯಲು ನೆರವಾಗುತ್ತದೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ದೊಡ್ಡದಾಗಿ ತೆರೆಯಿರಿ. ಮೊದಲು ಬಾಗಿಲ ತಿರುಗಣೆಯ ಹಾಗೆ ತಿರುಗಿದ ಮೂಳೆ ಆಮೇಲೆ ಮುಂದಕ್ಕೆ ಜಾರುವುದು ಗೊತ್ತಾಗುತ್ತದೆ. ತಿರುಗುವುದು, ಜಾರುವುದು ಎರಡೂ ಇರುವ ಕೀಲು ಅದು, ನಡುವೆ ಒಂದು ಮೆತ್ತೆ ಇದೆ. ಆ ಮೆತ್ತೆ ಜಾಗ ತಪ್ಪಿದಾಗ ‘ಟಕ್’ ಎನ್ನುತ್ತದೆ. ಜೋರಾಗಿ ಆಕಳಿಸಿದಾಗ ಮೂಳೆ ತನ್ನ ಮುಂದಿರುವ ಉಬ್ಬನ್ನು ದಾಟಿ ಹೋಗಿ ಬಾಯಿ ತೆರೆದೇ ಉಳಿದುಬಿಡುವುದೂ ಉಂಟು. ಬಲ್ಲ ವೈದ್ಯರು ಹೆಬ್ಬೆರಳುಗಳಿಂದ ಕೆಳದವಡೆಯನ್ನು ಕೆಳಕ್ಕೆ ಒತ್ತಿ ಹಿಂದಕ್ಕೆ ಸರಿಸಿದರೆ ಮತ್ತೆ ಕೂರುತ್ತದೆ.

ದವಡೆಗೆ ವಿಶ್ರಾಂತಿ ಎಂದರೆ ತುಟಿ ಮುಚ್ಚಿರಬೇಕು, ಹಲ್ಲುಗಳು ತಾಗಿರಬಾರದು. ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರು ಅಂತರ ಇರುವುದು ಸಹಜ. ಈಗ, ನನ್ನ ಮಾತು ಕೇಳುತ್ತಿರುವಾಗ, ನಿಮ್ಮ ಹಲ್ಲುಗಳು ಕಚ್ಚಿಕೊಂಡಿವೆಯೇ? ಹಾಗಿದ್ದರೆ ಬಿಡಿಸಿ. ಚಿಂತೆಯಲ್ಲಿರುವವರು ಹಗಲೆಲ್ಲ ಗೊತ್ತಿಲ್ಲದೆ ಹಲ್ಲು ಬಿಗಿದಿರುತ್ತಾರೆ, ರಾತ್ರಿ ನಿದ್ದೆಯಲ್ಲಿ ಕಡಿಯುತ್ತಾರೆ. ಬೆಳಗ್ಗೆ ಕಣತಲೆ ನೋವಿಗೆ ಅದು ಒಂದು ಕಾರಣ.

ದವಡೆಯ ವಿಷಯ ಬಿಡುವ ಮುಂಚೆ ಇನ್ನೊಂದು ಮಾತು ಹೇಳಲೇಬೇಕು. ನಾನು ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವಳು, ಓದಿದ್ದೂ ಅಡಿಕೆಯ ದುಡ್ಡಿನಲ್ಲಿ. ಹಾಗಾಗಿ ನೋವಿನಿಂದಲೇ ಹೇಳುತ್ತೇನೆ. ಅಡಿಕೆಯನ್ನು, ಅದರಲ್ಲೂ ಗುಟ್ಕಾ ರೂಪದಲ್ಲಿ, ಸದಾ ಬಾಯಲ್ಲಿಟ್ಟುಕೊಳ್ಳುವವರ ಕೆನ್ನೆಯ ಒಳಪದರದಲ್ಲಿ ನಾರು ಬೆಳೆಯುತ್ತದೆ. ಮೆತ್ತಗಿರಬೇಕಾದ ಕೆನ್ನೆ ಹಲಗೆಯ ಹಾಗಾಗುತ್ತದೆ, ಬಾಯಿ ದಿನೇ ದಿನೇ ಕಿರಿದಾಗುತ್ತದೆ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ನಿಲ್ಲಿಸಲು ಆಗದಿದ್ದರೆ ವೈದ್ಯರಿಗೆ ತೋರಿಸಬೇಕು. ಅಂಥ ಬಾಯಿಯಲ್ಲಿ ಮುಂದೆ ಕ್ಯಾನ್ಸರ್ ಹುಟ್ಟುವ ಸಂಭವ ಹೆಚ್ಚು. ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾರಿದೆ. ಇಪ್ಪತ್ತು ವರ್ಷದ ಹುಡುಗರು ಮುದ್ದೆಯ ತುತ್ತಿಗೂ ಬಾಯಿ ತೆರೆಯಲಾಗದೆ ಬಂದು ನಿಲ್ಲುವುದನ್ನು ಕಂಡವರಿಗೆ ಈ ಮಾತನ್ನು ಮೆಲ್ಲಗೆ ಹೇಳಲು ಆಗುವುದಿಲ್ಲ.

ಇನ್ನು ಕತ್ತು. ತಲೆಯ ತೂಕ ಸುಮಾರು ನಾಲ್ಕೂವರೆ, ಐದು ಕಿಲೋ. ಅದರ ಭಾರದ ನಡುಬಿಂದು ಕತ್ತಿನ ಕೀಲಿಗಿಂತ ಸ್ವಲ್ಪ ಮುಂದಿದೆ. ಆದ್ದರಿಂದ ಎಚ್ಚರವಿರುವಷ್ಟು ಹೊತ್ತೂ ಹೆಕ್ಕತ್ತಿನ ಸ್ನಾಯುಗಳು ತಲೆಯನ್ನು ಹಿಂದಕ್ಕೆ ಹಿಡಿದೇ ಇರಬೇಕು. ಬಸ್ಸಿನಲ್ಲಿ ಕೂತಲ್ಲೇ ತೂಕಡಿಸುವವರ ತಲೆ ಮುಂದಕ್ಕೆ ವಾಲುವುದನ್ನು ನೋಡಿ. ನಿದ್ದೆ ಬಂತು, ಸ್ನಾಯು ಬಿಟ್ಟಿತು, ತಲೆ ಎದೆಗೆ ಬಿತ್ತು. ಗಂಟೆಗಟ್ಟಲೆ ಫೋನಿಗೆ ಬಾಗುವವರು ಈ ಸ್ನಾಯುಗಳನ್ನು ಬಿಡುವಿಲ್ಲದೆ ದುಡಿಸುತ್ತಾರೆ. ಸಿಂಬೆಯ ಮೇಲೆ ಕೊಡ ಹೊತ್ತು ನಡೆಯುವ ಹೆಣ್ಣುಮಗಳು ತಲೆಯನ್ನು ಕತ್ತಿನ ನೇರಕ್ಕೆ ನಿಲ್ಲಿಸಿಕೊಳ್ಳುತ್ತಾಳೆ. ಭಾರ ಮೂಳೆಗಳ ಮೇಲೆ ನೇರವಾಗಿ ಇಳಿಯುತ್ತದೆ.

ಕತ್ತಿನಲ್ಲಿ ಏಳು ಮೂಳೆಗಳು. ಜಿರಾಫೆಗೂ ಅಷ್ಟೇ. ಮೊದಲನೆಯ ಮೂಳೆಗೆ ಆಕಾಶವನ್ನು ಹೊತ್ತ ಗ್ರೀಕ್ ದೇವತೆಯ ಹೆಸರು, ಅಟ್ಲಾಸ್. ತಲೆಬುರುಡೆ ಮತ್ತು ಅಟ್ಲಾಸ್ ನಡುವೆ ‘ಹೌದು’ ಎಂಬ ತಲೆಯಾಟ. ಅಟ್ಲಾಸ್ ಮತ್ತು ಅದರ ಕೆಳಗಿನ ಎರಡನೆಯ ಮೂಳೆಯ ನಡುವೆ ‘ಇಲ್ಲ’ ಎಂಬ ತಲೆಯಾಟ. ಕನ್ನಡಿಯ ಮುಂದೆ ನಿಂತು ಮುಖವನ್ನು ಎಡಕ್ಕೆ ತಿರುಗಿಸಿ. ಬಲಗಿವಿಯ ಹಿಂದಿನ ಮೂಳೆಗುಬ್ಬಿನಿಂದ ಎದೆಮೂಳೆಯವರೆಗೆ ಹಗ್ಗದಂತೆ ಒಂದು ಸ್ನಾಯು ಎದ್ದು ಕಾಣುತ್ತದೆ. ಎಡಕ್ಕೆ ತಿರುಗಿಸುವುದು ಬಲಗಡೆಯ ಸ್ನಾಯು, ಬಲಕ್ಕೆ ತಿರುಗಿಸುವುದು ಎಡಗಡೆಯದು. ಇದಕ್ಕೆ ಹನ್ನೊಂದನೆಯ ನರ.

ನಮ್ಮ ನಾಟ್ಯದವರು ಇದನ್ನೆಲ್ಲ ನರಗಳ ಹೆಸರಿಲ್ಲದೆಯೇ ಕಂಡಿದ್ದರು. ಭರತನ ನಾಟ್ಯಶಾಸ್ತ್ರದಲ್ಲಿ ಹುಬ್ಬಿಗೆ 7, ಮೂಗಿಗೆ 6, ಕೆನ್ನೆಗೆ 6, ಕತ್ತಿಗೆ 9 ಬಗೆಯ ಚಲನೆಗಳನ್ನು ಬೇರೆ ಬೇರೆಯಾಗಿ ಎಣಿಸಿದೆ. ನಂದಿಕೇಶ್ವರನ ಅಭಿನಯದರ್ಪಣದಲ್ಲಿ ತಲೆಗೆ 9, ಕತ್ತಿಗೆ 4. ತಲೆ ವಾಲದೆ ಕತ್ತು ಮಾತ್ರ ಅತ್ತಿತ್ತ ಸರಿಯುವ ಸುಂದರಿ ಎಂಬ ಚಲನೆ ಭರತನಾಟ್ಯ ಕಲಿತವರಿಗೆಲ್ಲ ಗೊತ್ತು. ಅದನ್ನು ಸಾಧಿಸಲು ಮಗು ಎಷ್ಟು ತಿಂಗಳು ಬೆವರು ಸುರಿಸುತ್ತದೆ ಎಂಬುದೂ ಗೊತ್ತು.

ಮುಖ, ದವಡೆ, ಕತ್ತು ಮೂರನ್ನೂ ಒಟ್ಟಿಗೆ ಹಿಡಿಯುವ ಒಂದು ಕಾಯಿಲೆ ಇದೆ, ಧನುರ್ವಾಯು. ಮಣ್ಣಿನಲ್ಲಿರುವ ಕ್ರಿಮಿ ಗಾಯದೊಳಗೆ ಸೇರಿ ವಿಷ ಬಿಡುತ್ತದೆ. ಆ ವಿಷ ನರಗಳ ಗುಂಟ ಮಿದುಳುಬಳ್ಳಿಯ ಕಡೆಗೆ ನಡೆಯುತ್ತದೆ. ಉದ್ದ ಕಡಿಮೆಯಿರುವ ನರಗಳ ದಾರಿ ಬೇಗ ಮುಗಿಯುವುದರಿಂದ ಮೊದಲು ದವಡೆ ಕಚ್ಚಿಕೊಳ್ಳುತ್ತದೆ, ಮುಖ ಬಿಗಿದು ಹಲ್ಲು ಕಿರಿದಂತಾಗುತ್ತದೆ, ಕತ್ತು ಸೆಟೆಯುತ್ತದೆ. ಆಮೇಲೆ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ. ಹೆಸರು ಬಂದದ್ದೇ ಆ ಬಿಲ್ಲಿನಿಂದ. ಸ್ನಾಯುವಿಗೆ ‘ಬಿಗಿ’ ಎನ್ನುವುದು ಎಷ್ಟು ಮುಖ್ಯವೋ ‘ಸಾಕು, ಬಿಡು’ ಎನ್ನುವುದೂ ಅಷ್ಟೇ ಮುಖ್ಯ. ಈ ವಿಷ ಆ ‘ಬಿಡು’ ಎಂಬ ಅಪ್ಪಣೆಯನ್ನು ಕಟ್ಟಿಹಾಕುತ್ತದೆ. ಹಿಂದೆ ಹೊಕ್ಕುಳಬಳ್ಳಿ ಕೊಯ್ದ ಕುಡುಗೋಲಿನಿಂದ ಎಷ್ಟು ಹಸುಗೂಸುಗಳು ಹೀಗೆ ಹಾಲು ಚೀಪಲಾಗದೆ ಹೋದವು ಎಂದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಬಸಿರಿಯರಿಗೆ ಲಸಿಕೆ, ಶುಚಿಯಾದ ಹೆರಿಗೆ, ಇವುಗಳಿಂದಾಗಿ ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಗಿದೆ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಊರೂರು ತಿರುಗಿ ಲಸಿಕೆ ಹಾಕಿದ ದಾದಿಯರಿಗೆ ನಾವು ಋಣಿಗಳು.

ಇಷ್ಟು ಹೇಳಿದ ಮೇಲೆ ಮತ್ತೆ ನಗುವಿಗೆ ಬರುತ್ತೇನೆ. ಫ್ರಾನ್ಸಿನ ವೈದ್ಯ ಡ್ಯೂಷೆನ್, ಮುಖದ ಒಂದೊಂದೇ ಸ್ನಾಯುವಿಗೆ ಸಣ್ಣ ವಿದ್ಯುತ್ ಮುಟ್ಟಿಸಿ, ಮೂಡಿದ ಭಾವದ ಫೋಟೋ ತೆಗೆಸಿ, 1862ರಲ್ಲಿ ಪುಸ್ತಕ ಹೊರತಂದರು. ಕಟವಾಯಿಯನ್ನು ಮೇಲೆಳೆಯುವ ಸ್ನಾಯುವನ್ನಷ್ಟೇ ಮುಟ್ಟಿದರೆ ನಗುವಿನ ಆಕಾರ ಬಂತು, ನಗು ಬರಲಿಲ್ಲ. ಸಂತೋಷದ ನಗುವಿಗೆ ಕಣ್ಣಿನ ಸುತ್ತಲ ಸ್ನಾಯುವೂ ಸೇರಬೇಕಿತ್ತು. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಭಾವಪ್ರಕಟಣೆಯ ಬಗ್ಗೆ ಬರೆದ ತಮ್ಮ ಗ್ರಂಥದಲ್ಲಿ ಈ ಫೋಟೋಗಳನ್ನು ಬಳಸಿಕೊಂಡರು. ಕಣ್ಣಂಚಿನ ಸ್ನಾಯುವನ್ನೂ ಬೇಕೆಂದೇ ಬಿಗಿಯಬಲ್ಲವರು ಇದ್ದಾರೆ. ಆದ್ದರಿಂದ ಇದನ್ನು ಹಿಡಿದು ಯಾರ ನಗು ನಿಜ, ಯಾರದು ಸುಳ್ಳು ಎಂದು ತೀರ್ಪು ಕೊಡಬಾರದು.

ನನ್ನನ್ನು ಬೆರಗುಗೊಳಿಸುವ ಸಂಗತಿ ಇನ್ನೊಂದಿದೆ. ಬೇಕೆಂದು ನಗುವ ದಾರಿ ಮಿದುಳಿನಲ್ಲಿ ಬೇರೆ, ತಾನಾಗಿ ಉಕ್ಕುವ ನಗುವಿನ ದಾರಿ ಬೇರೆ. ಪಾರ್ಶ್ವವಾಯುವಾದ ಕೆಲವರಿಗೆ ‘ಸ್ವಲ್ಪ ನಗಿ’ ಅಂದರೆ ಒಂದು ಬದಿ ಅಲ್ಲಾಡುವುದಿಲ್ಲ. ಅಷ್ಟರಲ್ಲಿ ಮೊಮ್ಮಗು ಓಡಿ ಬಂದರೆ ಎರಡೂ ಬದಿ ಅರಳುತ್ತದೆ. ಇದಕ್ಕೆ ತಿರುಗುಮುರುಗಾಗಿಯೂ ಆಗುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮುಖ ಮುಖವಾಡದಂತಾಗುತ್ತದೆ, ರೆಪ್ಪೆ ಬಡಿಯುವುದೂ ಕಡಿಮೆ. ‘ಅಜ್ಜನಿಗೆ ನಮ್ಮ ಮೇಲೆ ಕೋಪ, ಮುಖ ಗಂಟು ಹಾಕಿಕೊಂಡೇ ಕೂರ್ತಾರೆ’ ಎಂದು ಮಕ್ಕಳು ದೂರುತ್ತವೆ. ಅಜ್ಜನಿಗೆ ಕೋಪವಿಲ್ಲ. ಒಳಗೆ ಪ್ರೀತಿ ಇದ್ದಷ್ಟೇ ಇದೆ, ಅದನ್ನು ಚರ್ಮದವರೆಗೆ ತರುವ ದಾರಿ ಬಳಲಿದೆ. ಇದನ್ನು ಆ ಮನೆಯವರಿಗೆ ಯಾರಾದರೂ ಕೂತು ಹೇಳಬೇಕು. ಇಂದು ಕೇಳುತ್ತಿರುವ ಯಾವುದಾದರೂ ಮನೆಯಲ್ಲಿ ಅಂಥ ಅಜ್ಜನಿದ್ದರೆ, ಈ ಭಾಷಣದಲ್ಲಿ ನಿಮಗೆ ಬೇಕಾದದ್ದು ಈ ಒಂದು ಮಾತು.

ನನ್ನ ಮುಖ ನಿಂತಿದ್ದ ದಿನಗಳಲ್ಲಿ ನೋಡಲು ಬಂದ ಬಂಧುಗಳು ನೆಲ ನೋಡಿ ಮಾತಾಡಿ ಹೋದರು. ಅವರ ಮೇಲೆ ನನಗೆ ಬೇಸರವಿಲ್ಲ. ನಾನು ಮುಖದಿಂದ ಉತ್ತರ ಕೊಡಲಾರದವಳಾಗಿದ್ದೆ. ಮಾತು ಕೊಟ್ಟಲ್ಲಿ ಮಾತು ಬರದಿದ್ದರೆ ಮನುಷ್ಯರು ಎದ್ದು ಹೋಗುವ ಹಾಗೆ, ಮುಖ ಕೊಟ್ಟಲ್ಲಿ ಮುಖ ಬರದಿದ್ದರೆ ಕಣ್ಣು ತಪ್ಪಿಸುತ್ತಾರೆ. ಗೇಟಿನ ಬಳಿ ದಿನಾ ಬೆಳಗ್ಗೆ ಹೂವು ತರುವಾಕೆ ಮಾತ್ರ ಎಂದಿನಂತೆ ಬುಟ್ಟಿ ಇಳಿಸಿ, ಮೊಳ ಹಾಕುತ್ತ, ನನ್ನ ಮುಖವನ್ನೇ ನೋಡುತ್ತ ಮಾತಾಡುತ್ತಿದ್ದಳು. ‘ಪ’ ಬಾರದ ನನ್ನ ಮಾತಿಗೆ ತಲೆದೂಗುತ್ತಿದ್ದಳು. ಇಪ್ಪತ್ತಮೂರನೆಯ ದಿನ ಆಕೆ ಮೊಳ ಹಾಕುವುದನ್ನು ಅರ್ಧಕ್ಕೆ ನಿಲ್ಲಿಸಿ, ‘ಟೀಚರಮ್ಮಾ, ಇವತ್ತು ಈ ಕಡೆ ತುಟಿ ಒಸಿ ಅಲ್ಲಾಡ್ತು ಕಣವ್ವ’ ಅಂದಳು. ನಾನು ಒಳಗೆ ಓಡಿ ಕನ್ನಡಿ ನೋಡಿದೆ. ಏನೂ ಕಾಣಲಿಲ್ಲ. ಹಿಂದಕ್ಕೆ ಬಂದು ಹೂವು ಈಸಿಕೊಳ್ಳುವಾಗ ಆಕೆ ನಕ್ಕಳು, ನಾನೂ ನಕ್ಕೆ. ಬಲಗಟವಾಯಿ ಎಳೆದದ್ದು ಆಗ ನನಗೂ ತಿಳಿಯಿತು.

ಕನ್ನಡಿಯ ಮುಂದೆ ಬಾರದ ಚಲನೆ ಆಕೆಯ ಮುಂದೆ ಬಂತು. ಮೂಳೆಯಿಂದ ಹೊರಟು ಚರ್ಮದಲ್ಲಿ ಮುಗಿಯುವ ಸ್ನಾಯುಗಳು ಎಂದು ಮೂವತ್ತು ವರ್ಷ ಪಾಠ ಹೇಳಿದ್ದೆ. ಅವು ಚರ್ಮದಲ್ಲೂ ಮುಗಿಯುವುದಿಲ್ಲ, ಎದುರಿಗಿರುವವರ ಕಣ್ಣಿನವರೆಗೆ ಹೋಗುತ್ತವೆ ಎಂದು ಈಗ ಹೇಳುತ್ತೇನೆ. ಇವತ್ತು ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಮುಖ ಸೋತವರು ಯಾರಾದರೂ ಸಿಕ್ಕರೆ ಕತ್ತು ಅವರ ಕಡೆಗೆ ತಿರುಗಿಸಿ. ಮುಖ ಕೊಟ್ಟು ಮಾತಾಡಿಸಿ.